ಮೊದಲು ಕೈಕೊಟ್ಟಿದ್ದು ರೈಲೋ ಸೇತುವೆಯೋ?

ಸಕಲೇಶಪುರದ ಕಡೆ ಮಳೆ ಹಿಡೀತು ಅಂದ್ರೆ ಘಾಟಿಯ ರೈಲು ಸೇತುವೆಗಳ ಮಾತು ಶುರು. ಗೂಡ್ಸ್ ಹಳಿ ತಪ್ಪಿ ಸೇತುವೆಯೂ ಕುಸಿದ್ರೆ 'ಸೇತುವೆ ಹಳೇದು' ಅಂದು ಕೈ ತೊಳ್ಕೊಳ್ಳೋರೇ ಜಾಸ್ತಿ. ಮೊದಲು ನೋಡಬೇಕಾದ್ದು ಸೇತುವೆಗಿಂತ ಮುಂಚೆ ಸಿಗೋ ಸ್ಲೀಪರ್‌ಗಳನ್ನ, ಅಂದ್ರೆ ಹಳಿಯ ಕೆಳಗೆ ಅಡ್ಡಕ್ಕೆ ಹಾಕಿರೋ ದಿಮ್ಮಿಗಳನ್ನ. ಅಲ್ಲೇ ಚಕ್ರದ ಅಂಚು ಕೊರೆದ ಗುರುತಿದ್ರೆ ರೈಲು ಆಗಲೇ ಹಳಿ ಬಿಟ್ಟಿತ್ತು ಅಂತ: ಬೇರಿಂಗ್ ಕಾದು ಆಕ್ಸಲ್ ಮುರಿದಿರಬಹುದು, ಹಳಿ ತುಂಡಾಗಿರಬಹುದು, ಲೋಡು ಒಂದೇ ಮಗ್ಗುಲಿಗೆ ವಾಲಿರಬಹುದು. ಅಂಥ ವ್ಯಾಗನ್ ಟ್ರಸ್ ಸೇತುವೆಯ (ಉಕ್ಕಿನ ತೊಲೆಗಳನ್ನ ತ್ರಿಕೋನವಾಗಿ ಜೋಡಿಸಿದ ಸೇತುವೆಯ) ಒಂದು ಮುಖ್ಯ ಉಕ್ಕಿನ ತೊಲೆಗೆ ಗುದ್ದಿದ್ರೂ ಎರಡು ಕಂಬಗಳ ನಡುವಿನ ಇಡೀ ಸ್ಪ್ಯಾನ್ ಬೀಳಬಹುದು. ಸೇತುವೆ ಮೇಲೆ ಹಳಿಗಳ ಒಳಮಗ್ಗುಲಲ್ಲಿ ಇನ್ನೆರಡು ಕಾವಲು ಹಳಿ (ಗಾರ್ಡ್ ರೈಲ್) ಹಾಕೋದು ಇದಕ್ಕೇ, ಹಳಿ ಬಿಟ್ಟ ಚಕ್ರ ಪಕ್ಕಕ್ಕೆ ಸರಿಯದಿರಲಿ ಅಂತ.

ಗುರುತು ಇಲ್ವಾ? ಹಾಗಿದ್ರೆ ಮೊದಲು ಕೈಕೊಟ್ಟಿದ್ದು ಸೇತುವೆಯೇ ಇರಬಹುದು, ಅದರ ಕಂಬದ ಬುಡ ನೋಡಿ. ಹೊಳೆ ಉಕ್ಕಿದಾಗ ಮಣ್ಣು ಕೊರೆದುಹೋಗುತ್ತೆ, ನೀರಿಳಿದ ಮೇಲೆ ಅದೇ ಗುಂಡಿಗೆ ಸಡಿಲ ಮರಳು ತುಂಬಿ ಏನೂ ಆಗಿಲ್ಲವೇನೋ ಅನ್ನಿಸುತ್ತೆ. ಸಲಾಕೆ ಚುಚ್ಚಿಯೇ ನೋಡಬೇಕು.