ಮರುವಿನ್ಯಾಸಗೊಂಡ ಮೋಟೋಕ್ರಾಸ್ ಬೈಕಿನ ಎಂಜಿನ್ ನಂಬಬಹುದೇ?

ಹೊಸ ಮಾದರಿಯ ಮೋಟೋಕ್ರಾಸ್ ಬೈಕ್ (ಮಣ್ಣಿನ ಏರಿಳಿತದ ಟ್ರ್ಯಾಕಿನಲ್ಲಿ ಓಡಿಸುವ ಸ್ಪರ್ಧಾ ಬೈಕ್) ಬಂದಾಗಲೆಲ್ಲ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: “ಎಂಜಿನ್ ಪೂರ್ತಿ ಬದಲಾಗಿದೆಯಂತೆ, ಮೊದಲ ವರ್ಷದ ಬೈಕನ್ನೇ ಕೊಳ್ಳಬಹುದೇ, ಇಲ್ಲ ಒಂದೆರಡು ವರ್ಷ ಕಾಯಬೇಕೇ?” ಕೊಳ್ಳಬಹುದು ಎಂಬುದೇ ನನ್ನ ಉತ್ತರ. ಆದರೆ ಎಂಜಿನ್ ಓಡಿದ ಮೊದಲ 20 ಗಂಟೆಗಳಲ್ಲಿ ಅದರ ವಾಲ್ವ್ ಕ್ಲಿಯರೆನ್ಸನ್ನು, ಅಂದರೆ ಗಾಳಿ-ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವಿಗೂ ಅದನ್ನು ಒತ್ತುವ ಕ್ಯಾಮಿಗೂ ನಡುವಿನ ಸಂದನ್ನು, ಅಳೆದು, ಆ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲು ನೀವು ಸಿದ್ಧರಿರಬೇಕು. ಆ ಪುಸ್ತಕ ಹೇಳುವಷ್ಟನ್ನು ಮಾದರಿಯ ವರ್ಷ ಹೇಳುವುದಿಲ್ಲ.

ಈ ಎಂಜಿನ್ ಎಂಥ ದುಡಿಮೆ ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ಯಮಹಾದ 250 ಸಿಸಿ ಮೋಟೋಕ್ರಾಸ್ ಬೈಕ್ ವೈಝಡ್250ಎಫ್ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) 77 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 53.6 ಮಿಲಿಮೀಟರ್. ನಿಮಿಷಕ್ಕೆ 13,000 ಸುತ್ತು ತಿರುಗುವಾಗ ಅದರ ಪಿಸ್ಟನ್ ಸೆಕೆಂಡಿಗೆ ಸರಾಸರಿ 23 ಮೀಟರ್ ವೇಗದಲ್ಲಿ ಓಡಾಡುತ್ತದೆ ಮತ್ತು ಪ್ರತಿ ಸೆಕೆಂಡಿಗೆ 430ಕ್ಕೂ ಹೆಚ್ಚು ಬಾರಿ ನಿಂತು ದಿಕ್ಕು ಬದಲಿಸುತ್ತದೆ. ಇದನ್ನು ತಾಳಿಕೊಳ್ಳಲೆಂದೇ ಪಿಸ್ಟನ್ನನ್ನು ಹಗುರವಾಗಿ, ಗಿಡ್ಡವಾಗಿ ಮಾಡಿರುತ್ತಾರೆ. ಅದು ಸವೆಯುವುದು ದೋಷವಲ್ಲ, ಬ್ರೇಕ್ ಪ್ಯಾಡ್ ಸವೆದಂತೆ ಸಹಜವಾದದ್ದು. ಆದ್ದರಿಂದಲೇ ಈ ಬೈಕುಗಳ ಆಯಸ್ಸನ್ನು ಕಿಲೋಮೀಟರಿನಲ್ಲಲ್ಲ, ಗಂಟೆಗಳಲ್ಲಿ ಲೆಕ್ಕ ಹಾಕುತ್ತಾರೆ. ನಿಮ್ಮ ಬೈಕಿನಲ್ಲಿ ಅವರ್ ಮೀಟರ್ ಇಲ್ಲದಿದ್ದರೆ ಮೊದಲು ಒಂದನ್ನು ಹಾಕಿಸಿ.

ಮರುವಿನ್ಯಾಸ ಎಂಬ ಮಾತಿಗೆ ಹೆದರಬೇಕಾದದ್ದಿಲ್ಲ, ಹಾಗೆಂದು ಅದನ್ನು ಹಗುರವಾಗಿಯೂ ತೆಗೆದುಕೊಳ್ಳಬಾರದು. 2010ರಲ್ಲಿ ವೈಝಡ್450ಎಫ್ ಬಂದಾಗ ಯಮಹಾ ಸಿಲಿಂಡರನ್ನು ಹಿಂದಕ್ಕೆ ವಾಲಿಸಿ, ಗಾಳಿ ಮುಂದಿನಿಂದ ಬರುವಂತೆಯೂ ಹೊಗೆ ಹಿಂದಿನಿಂದ ಹೋಗುವಂತೆಯೂ ತಿರುವಿಹಾಕಿತು. 2014ರಲ್ಲಿ 250 ಸಿಸಿ ಬೈಕಿಗೂ ಅದೇ ಕ್ರಮ ಬಂತು. ಅದರೊಂದಿಗೆ ಏರ್ ಫಿಲ್ಟರಿನ ಜಾಗವೂ ಬದಲಾಯಿತು. ಹೀಗೆ ಎಂಜಿನ್ ಬದಲಾದಾಗ ಹಳೆಯ ಮಾದರಿಯ ಟಾರ್ಕ್ (ಬೋಲ್ಟ್ ಬಿಗಿಸುವ ಬಲ) ಅಂಕಿಗಳಾಗಲಿ, ಕ್ಲಿಯರೆನ್ಸ್ ಅಂಕಿಗಳಾಗಲಿ, ಕೈಗೆ ಬಂದ ಅಭ್ಯಾಸವಾಗಲಿ ಹೊಸದಕ್ಕೆ ಸಲ್ಲುವುದಿಲ್ಲ. ಆ ವರ್ಷದ ಸರ್ವೀಸ್ ಮ್ಯಾನ್ಯುಯಲ್ ಕೈಯಲ್ಲಿಲ್ಲದೆ ಒಂದು ಬೋಲ್ಟನ್ನೂ ಬಿಚ್ಚಬೇಡಿ. ಇನ್ನೊಂದು ಮಾತು: ತೊಂದರೆ ಕಂಡ ಬಿಡಿಭಾಗವನ್ನು ಕಂಪನಿ ಸುಧಾರಿಸಿದಾಗ ಸಾಮಾನ್ಯವಾಗಿ ಅದರ ಪಾರ್ಟ್ ನಂಬರ್ ಬದಲಾಗುತ್ತದೆ. ಮೊದಲ ವರ್ಷದ ಬೈಕಿಗೆ ಏನನ್ನೇ ತರಿಸುವಾಗಲೂ ಮುಂದಿನ ವರ್ಷದ ಪಟ್ಟಿಯೊಂದಿಗೆ ಆ ಸಂಖ್ಯೆಯನ್ನು ಹೋಲಿಸಿ ನೋಡಿದರೆ, ಏನನ್ನು ತಿದ್ದಿದ್ದಾರೆ ಎಂಬುದು ನಿಮಗೇ ತಿಳಿಯುತ್ತದೆ.

ಈಗ ವಾಲ್ವುಗಳ ವಿಷಯ. ನಾನು ಹೆಚ್ಚು ಹೊತ್ತು ಮಾತನಾಡುವುದು ಇದರ ಬಗ್ಗೆಯೇ. ಈ ಎಂಜಿನ್ನುಗಳಲ್ಲಿ ಹೆಚ್ಚಾಗಿ ಟೈಟಾನಿಯಮ್ ವಾಲ್ವುಗಳಿರುತ್ತವೆ, ಏಕೆಂದರೆ ಅದರ ತೂಕ ಉಕ್ಕಿನ ಸುಮಾರು ಶೇಕಡ 60ರಷ್ಟು ಮಾತ್ರ. ಆದರೆ ಅದರ ಮೇಲಿನ ಗಟ್ಟಿ ಲೇಪ ಬಹಳ ತೆಳುವಾದದ್ದು. ಫಿಲ್ಟರ್ ದಾಟಿ ಬಂದ ನುಣ್ಣನೆಯ ಮಣ್ಣು ಆ ಲೇಪವನ್ನು ತಿಂದುಹಾಕಿದ ಮೇಲೆ ವಾಲ್ವ್ ತಾನು ಮುಚ್ಚಿದಾಗ ಕೂರುವ ಸೀಟಿನೊಳಕ್ಕೆ ಇಳಿಯತೊಡಗುತ್ತದೆ, ಮೇಲೆ ಕ್ಯಾಮಿನ ಕೆಳಗಿರುವ ಸಂದು ಕಿರಿದಾಗುತ್ತದೆ. ಟ್ಯಾಪೆಟ್ ಸದ್ದು ಬಂದರೆ ವಾಲ್ವ್ ಸಡಿಲವಾಗಿದೆ ಎಂದು ತಿಳಿದಿರುವ ರಸ್ತೆ ಬೈಕಿನವರು ಇಲ್ಲಿ ಮೋಸಹೋಗುತ್ತಾರೆ. ಇಲ್ಲಿ ಸಂದು ಕಿರಿದಾಗುವುದರಿಂದ ಎಚ್ಚರಿಸುವ ಸದ್ದೇ ಇರುವುದಿಲ್ಲ. ಬೈಕ್ ಸ್ಟಾರ್ಟ್ ಆಗಲು ಹಟ ಮಾಡತೊಡಗುವ ಹೊತ್ತಿಗೆ ತಡವಾಗಿರುತ್ತದೆ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಅಳೆಯಬೇಕು. ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದು, ಕ್ಯಾಮಿನ ಕೆಳಗೆ 0.10 ಮಿಲಿಮೀಟರಿನ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹಪಟ್ಟಿ) ತೂರಿಸಿದಾಗ ಅದು ಎಣ್ಣೆಯ ಮೇಲೆ ಜಾರಿದಂತೆ ಸಲೀಸಾಗಿ ಹೋಗಿ, 0.13ರದ್ದು ಬೆರಳಿಗೆ ಹಿಡಿತ ಕೊಟ್ಟು, 0.15ರದ್ದು ತೂರದೇ ಇದ್ದರೆ, ಸಂದು 0.13 ಎಂದು ಬರೆದುಕೊಳ್ಳುತ್ತೇನೆ. ರನ್-ಇನ್ (ಹೊಸ ಎಂಜಿನ್ನನ್ನು ಮೊದಲು ಹದವಾಗಿ ಓಡಿಸುವ ಅವಧಿ) ಮುಗಿದ ಮೇಲೆ ಒಮ್ಮೆ, 10 ಗಂಟೆಗೆ ಒಮ್ಮೆ, 20 ಗಂಟೆಗೆ ಮತ್ತೊಮ್ಮೆ ನೋಡಿ. ಆರಂಭದಲ್ಲಿ ಅಂಕಿ ಸ್ವಲ್ಪ ಅಲುಗುವುದುಂಟು, ಏಕೆಂದರೆ ವಾಲ್ವ್ ಮತ್ತು ಸೀಟ್ ಒಂದಕ್ಕೊಂದು ಕೂಡಿಕೊಳ್ಳುತ್ತಿರುತ್ತವೆ. ಆ ಬಳಿಕ ಬಹುಕಾಲ ಅದು ಕದಲದೆ ನಿಂತರೆ ಎಂಜಿನ್ ಆರೋಗ್ಯವಾಗಿದೆ. ನಿಂತಿದ್ದ ಅಂಕಿ ಮತ್ತೆ ಇಳಿಯತೊಡಗಿದರೆ ಲೇಪ ಹೋಗಿದೆಯೆಂದೇ ತಿಳಿಯಬೇಕು. ಆಗ ತೆಳುವಾದ ಶಿಮ್ (ಸಂದು ಹೊಂದಿಸುವ ಪುಟ್ಟ ಬಿಲ್ಲೆ) ಹಾಕಿ ಕೆಲವು ಗಂಟೆ ಓಡಿಸಬಹುದು, ಆದರೆ ಅದು ರಿಪೇರಿಯಲ್ಲ. ನನ್ನ ಜೊತೆ ಓಡಿಸುತ್ತಿದ್ದ ಗೆಳೆಯನೊಬ್ಬ ಮೂರು ಬಾರಿ ಶಿಮ್ ಬದಲಿಸಿ ಕಾಲ ತಳ್ಳಿದ. ಕೊನೆಗೆ ವಾಲ್ವಿನ ತಲೆ ಮುರಿದು ಪಿಸ್ಟನ್ನಿನ ಮೇಲೆ ಬಿದ್ದು, ಹೆಡ್ ಮತ್ತು ಸಿಲಿಂಡರ್ ಎರಡೂ ಹಾಳಾದವು. ಒಂದು ವಾಲ್ವ್ ಜೋಡಿಯಲ್ಲಿ ಮುಗಿಯುತ್ತಿದ್ದ ಕೆಲಸ ಅದು.

ಮೇಲೆ ಹೇಳಿದ ಮಣ್ಣು ಒಳಗೆ ಬರುವುದು ಒಂದೇ ಬಾಗಿಲಿನಿಂದ. ಫೋಮ್ ಫಿಲ್ಟರನ್ನು ತೊಳೆದು ಪೂರ್ತಿ ಒಣಗಿಸಿ, ಫಿಲ್ಟರ್ ಎಣ್ಣೆ ಹಾಕಿ ಅದು ಎಲ್ಲ ಕಡೆ ಸಮನಾಗಿ ಹರಡುವವರೆಗೆ ಹಿಚುಕಿ, ಅಂಚಿಗೆ ತೆಳುವಾಗಿ ಗ್ರೀಸ್ ಸವರಿ ಕೂರಿಸಬೇಕು. ಫಿಲ್ಟರ್ ತೆಗೆದಾಗಲೆಲ್ಲ ನಾನು ಏರ್ ಬೂಟಿನ (ಫಿಲ್ಟರಿನಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಕೊಳವೆ) ಒಳಗೋಡೆಯನ್ನು ಬಿಳಿ ಬಟ್ಟೆ ಸುತ್ತಿದ ಬೆರಳಿನಿಂದ ಒರೆಸಿ ನೋಡುತ್ತೇನೆ. ಬಟ್ಟೆಯ ಮೇಲೆ ಕಂದು ಗೆರೆ ಮೂಡಿದರೆ ಆ ದಿನ ಓಟವಿಲ್ಲ, ಮಣ್ಣು ಎಲ್ಲಿಂದ ನುಸುಳಿತು ಎಂದು ಹುಡುಕುವುದೇ ಕೆಲಸ.

ಎಣ್ಣೆಯ ವಿಷಯದಲ್ಲಿ ಜಿಪುಣತನ ಬೇಡ. ಹೆಚ್ಚಿನ ಮಾದರಿಗಳಲ್ಲಿ ಸುಮಾರು ಒಂದು ಲೀಟರ್ ಎಣ್ಣೆಯೇ ಎಂಜಿನ್, ಗೇರ್ ಮತ್ತು ಕ್ಲಚ್ ಮೂರನ್ನೂ ನೋಡಿಕೊಳ್ಳಬೇಕು, ಕ್ಲಚ್ಚಿನ ಪುಡಿಯೂ ಅದರಲ್ಲೇ ಸೇರುತ್ತದೆ. ಹೊಸ ಎಂಜಿನ್ನಿನ ಮೊದಲ ಎಣ್ಣೆಯಲ್ಲಿ ಬಿಸಿಲಿಗೆ ಹಿಡಿದರೆ ಮಿನುಗುವ ನುಣ್ಣನೆಯ ಪುಡಿ ಇದ್ದರೆ ಗಾಬರಿ ಬೇಡ; ಉಗುರಿಗೆ ತಗುಲುವಂಥ ಚೂರು ಸಿಕ್ಕರೆ ಮಾತ್ರ ಎಂಜಿನ್ ಬಿಚ್ಚಿಸಿ. ಮುಂದೆ ಮ್ಯಾನ್ಯುಯಲ್ ಹೇಳಿದ ಗಂಟೆಗಿಂತ ಮುಂಚೆಯೇ ಎಣ್ಣೆ ಬದಲಿಸುವುದು ನನ್ನ ಕ್ರಮ. ಓಡಿಸುವ ಮೊದಲು ಎರಡೂ ರೇಡಿಯೇಟರ್ ಬೆಚ್ಚಗಾಗುವವರೆಗೆ ಕಾಯಿರಿ.

ಪಿಸ್ಟನ್ ಎಷ್ಟು ಗಂಟೆಗೆ ಬದಲಿಸಬೇಕು ಎಂದು ಕೇಳುವವರಿಗೆ ಒಂದೇ ಅಂಕಿ ಹೇಳಲಾರೆ. ಸ್ಪರ್ಧೆಗೆ ಬರೆದ ಮ್ಯಾನ್ಯುಯಲ್‌ಗಳ ಅವಧಿ ಕಟ್ಟುನಿಟ್ಟಾಗಿರುತ್ತದೆ, ವಾರಾಂತ್ಯದಲ್ಲಿ ನಿಧಾನವಾಗಿ ಓಡಿಸುವವರು ಅದನ್ನು ಸ್ವಲ್ಪ ಹಿಗ್ಗಿಸಬಹುದು. ಆದರೆ 250 ಸಿಸಿ ಎಂಜಿನ್ 450ಕ್ಕಿಂತ ಹೆಚ್ಚು ಸುತ್ತು ತಿರುಗುವುದರಿಂದ ಅದಕ್ಕೆ ಬೇಗನೆ ಪಿಸ್ಟನ್ ಬೇಕಾಗುತ್ತದೆ. ಪಿಸ್ಟನ್ ಹಾಕಿಸುವಾಗ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನನ್ನೂ ಬದಲಿಸಿಬಿಡಿ.

ಮೊದಲ ವರ್ಷದ್ದೇ ಬೈಕನ್ನು ಬೇರೆಯವರಿಂದ ಕೊಳ್ಳುವುದಾದರೆ, ಎಂಜಿನ್ ತಣ್ಣಗಿರುವಾಗಲೇ ಹೋಗಿ. ಅವರ್ ಮೀಟರ್ ನೋಡುವ ಮೊದಲು ಫಿಲ್ಟರ್ ತೆಗೆಯಲು ಹೇಳಿ ಆ ಬಿಳಿ ಬಟ್ಟೆಯನ್ನು ಒಳಗೆ ಆಡಿಸಿ, ಆಮೇಲೆ ವಾಲ್ವ್ ಅಂಕಿಗಳನ್ನು ಬರೆದಿಟ್ಟಿದ್ದರೆ ತೋರಿಸಿ ಎಂದು ಕೇಳಿ.