ಬೈಕಿಗೂ ನೂರಕ್ಕೆ 18, ಕಾರಿಗೂ ನೂರಕ್ಕೆ 18

ಹೇಳಿದರೆ ಬೇಜಾರು ಮಾಡಬೇಡಿ, ರಸ್ತೆಯ ಹೊಂಡದಿಂದಲೇ ನನ್ನ ಹೊಟ್ಟೆ ತುಂಬುವುದು. ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನನ್ನದೊಂದು ಸಣ್ಣ ಟೂ ವೀಲರ್ ಗ್ಯಾರೇಜ್ ಉಂಟು. ಜೂನ್‌ನಲ್ಲಿ ಎರಡು ಮಳೆ ಜೋರಾಗಿ ಹೊಡೆದರೆ ಸಾಕು. ರಿಮ್ ಬೆಂಡ್, ಫೋರ್ಕ್ ಆಯಿಲ್ ಸೀಲ್ ಲೀಕ್, ಹ್ಯಾಂಡಲ್ ತಿರುಗಿಸುವ ಕೋನ್ ಸೆಟ್ ಲೂಸ್, ಹಿಂದಿನ ಚಕ್ರದ ಬೇರಿಂಗ್ ಶಬ್ದ, ಒಂದರ ಹಿಂದೆ ಒಂದು ಬರುತ್ತದೆ. ಆಟಿ (ತುಳುವರ ಜೋರು ಮಳೆಯ ತಿಂಗಳು) ತಿಂಗಳಲ್ಲಿ ಊರಿನವರ ಕೈಯಲ್ಲಿ ಕಾಸಿಲ್ಲ, ನನಗೆ ಪುರುಸೊತ್ತಿಲ್ಲ.

ಬರುವವರು ಯಾರು? ಶಂಕರಪುರದ ಕಡೆಯಿಂದ ಮಲ್ಲಿಗೆ ಅಟ್ಟೆ (ಹೂವಿನ ಕಟ್ಟು) ಕಟ್ಟಿಕೊಂಡು ಓಡುವವರು. ಮಲ್ಪೆ ಬಂದರಿನಲ್ಲಿ ದುಡಿಯುವವರು (ಅವರ ಗಾಡಿಯನ್ನು ಹೊಂಡಕ್ಕಿಂತ ಮೊದಲೇ ಉಪ್ಪುನೀರು ತಿಂದಿರುತ್ತದೆ). ಮಣಿಪಾಲದ ಫ್ಲ್ಯಾಟ್‌ಗಳಿಗೆ ಪೈಂಟಿಂಗ್, ಟೈಲ್ಸ್ ಕೆಲಸಕ್ಕೆ ಹೋಗುವವರು. ಆಫೀಸಿಗೆ ಹೋಗುವವರೂ ಇದ್ದಾರೆ, ಕಡಿಮೆ.

ಕಳೆದ ಮಳೆಗಾಲದಲ್ಲಿ ಅಂಥ ಒಬ್ಬರು ಸ್ಕೂಟರ್ ರೆಡಿಯಾಗಲಿ ಅಂತ ಕಾಯುತ್ತಾ ಹೇಳಿದರು: "ಟ್ಯಾಕ್ಸ್ ಕಟ್ಟುವವರು ನಾವು ಮಾರಾಯ. ಕಟ್ಟದವರೆಲ್ಲ ರಸ್ತೆ ಸರಿ ಇಲ್ಲ ಅಂತ ಬೊಬ್ಬೆ ಹಾಕುವುದು. ರಿಪೇರಿಗೆ ಅಂತ ಎಲ್ಲರಿಂದಲೂ ಒಂದು ಸೆಸ್ ತಗೊಳ್ಳಬೇಕು, ಆಗ ಬುದ್ಧಿ ಬರ್ತದೆ." ಪಕ್ಕದ ಬೆಂಚಿನಲ್ಲಿ ಒಬ್ಬ ಪೈಂಟರ್ ಅಣ್ಣ ಕೂತಿದ್ದರು. ಅವರು ಏನೂ ಹೇಳಲಿಲ್ಲ. ನಾನೂ ಸ್ಪ್ಯಾನರ್ ಹಿಡಿದು ಸುಮ್ಮನಿದ್ದೆ. ಗಿರಾಕಿ ಅಲ್ವಾ. ಆಗ ನುಂಗಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೆಟ್ರೋಲ್‌ನಿಂದ ಶುರು ಮಾಡುತ್ತೇನೆ. 2022ರ ಮೇ ತಿಂಗಳಿಂದ ಕೇಂದ್ರದವರು ಒಂದು ಲೀಟರಿಗೆ 19 ರೂಪಾಯಿ 90 ಪೈಸೆ ಅಬಕಾರಿ ಸುಂಕ ತೆಗೆದುಕೊಳ್ಳುತ್ತಿದ್ದರು. 2025ರ ಏಪ್ರಿಲ್‌ನಲ್ಲಿ ಅದಕ್ಕೆ ಇನ್ನೂ 2 ರೂಪಾಯಿ ಸೇರಿಸಿದರು. ನಮ್ಮ ರಾಜ್ಯದವರೂ ಬಿಟ್ಟಿಲ್ಲ. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ನೂರಕ್ಕೆ 25.92ರಿಂದ 29.84ಕ್ಕೆ ಏರಿಸಿದರು. ಆಗ ಎರಡೂ ಸೇರಿಸಿದರೆ ಲೀಟರಿಗೆ 40 ರೂಪಾಯಿ ದಾಟುತ್ತಿತ್ತು. ಪೈಂಟರ್ ಅಣ್ಣನ ಹಳೇ ಬೈಕಿಗೆ ಕೆಲಸದ ದಿನ ಒಂದು ಲೀಟರ್ ಬೇಕು ಅಂತ ಇಟ್ಟುಕೊಳ್ಳಿ. ತಿಂಗಳಿಗೆ 25 ಲೀಟರ್, ಅಂದರೆ ಆ ಲೆಕ್ಕದಲ್ಲಿ ತೆರಿಗೆಯೇ ಸಾವಿರ ರೂಪಾಯಿ. ತಿಂಗಳಿಗೆ 20 ಸಾವಿರ ದುಡಿಯುವವನಿಗೆ ಅದು ಇಪ್ಪತ್ತರಲ್ಲಿ ಒಂದು ಪಾಲು. ಲಕ್ಷ ಸಂಬಳದವರು ಅಷ್ಟೇ ಪೆಟ್ರೋಲ್ ಹಾಕಿದರೆ ನೂರರಲ್ಲಿ ಒಂದು ಪಾಲು. ಪಂಪಿನ ಮೀಟರ್ ಯಾರ ಸಂಬಳವನ್ನೂ ಕೇಳುವುದಿಲ್ಲ. ಇನ್ನು ಆದಾಯ ತೆರಿಗೆ ಅಂತ ಹೆಮ್ಮೆ ಪಡುವುದಾದರೆ, 2025ರ ಬಜೆಟ್ ಬಂದ ಮೇಲೆ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗೆ ಸಂಪಾದಿಸುವವರಿಗೂ ಅದು ಇಲ್ಲ.

ಸೆಸ್ ಬೇಕು ಅಂದರಲ್ಲ, ಅದೂ ಪೆಟ್ರೋಲ್ ಒಳಗೆ ಆಗಲೇ ಕೂತಿದೆ. 2022ರ ಮೇಯಲ್ಲಿ ಸುಂಕ ಇಳಿಸಿದ ನಂತರ ಕೇಂದ್ರದ ಪಾಲಿನಲ್ಲಿ ಲೀಟರಿಗೆ 5 ರೂಪಾಯಿ ರಸ್ತೆ ಮತ್ತು ಮೂಲಸೌಕರ್ಯ ಸೆಸ್. ಮೊದಲು ಬರೀ ರಸ್ತೆ ಸೆಸ್ ಅಂತಿತ್ತು. 2018ರಲ್ಲಿ ಹೆಸರಿಗೆ ಮೂಲಸೌಕರ್ಯ ಸೇರಿತು, ದುಡ್ಡು ಹೋಗುವ ಬಾಗಿಲುಗಳೂ ಜಾಸ್ತಿಯಾದವು.

ಟೋಲ್ ವಿಷಯದಲ್ಲಿ ಮಾತ್ರ ನಮ್ಮ ಗಿರಾಕಿಗಳಿಗೆ ಪುಣ್ಯ ಉಂಟು. ಹೆಜಮಾಡಿ, ಸಾಸ್ತಾನದಲ್ಲಿ ಬೈಕಿಗೆ ಟೋಲ್ ಇಲ್ಲ. ಸುರತ್ಕಲ್‌ನಲ್ಲಿ ವರ್ಷಗಟ್ಟಲೆ ಹೋರಾಟ ಮಾಡಿ 2022ರ ಡಿಸೆಂಬರ್‌ನಿಂದ ಟೋಲೇ ನಿಂತಿತು. ನನಗೆ ಆಗ ಅನಿಸಿದ್ದು ಬೇರೆ. ಟೋಲ್ ಕಣ್ಣಿಗೆ ಕಾಣುತ್ತದೆ. ಅದಕ್ಕೊಂದು ಗೇಟು ಉಂಟು, ಗೇಟಿನ ಮುಂದೆ ಧರಣಿ ಕೂರಬಹುದು. ಪೆಟ್ರೋಲ್ ಒಳಗಿನ ತೆರಿಗೆಗೆ ಗೇಟು ಎಲ್ಲಿ?

ನನಗೆ ನಿಜವಾಗಿ ಸಿಟ್ಟು ಬರುವುದು ಲೈಫ್ ಟ್ಯಾಕ್ಸ್ (ರಾಜ್ಯಕ್ಕೆ ಒಂದೇ ಸಲ ಕಟ್ಟುವ ಗಾಡಿ ತೆರಿಗೆ) ನೋಡಿದಾಗ. ಹೊಸ ಗಾಡಿ ತೆಗೆದುಕೊಳ್ಳುವಾಗ ಶೋರೂಮಿನ ಕೊಟೇಶನ್‌ನಲ್ಲಿ ಒಂದು ಸಾಲು ಇರುತ್ತದೆ, ಯಾರೂ ಓದುವುದಿಲ್ಲ. ಕರ್ನಾಟಕದಲ್ಲಿ 50 ಸಾವಿರದಿಂದ 1 ಲಕ್ಷದವರೆಗಿನ ಟೂ ವೀಲರ್‌ಗೆ ನೂರಕ್ಕೆ 12. ಲಕ್ಷ ದಾಟಿದರೆ 18. ಈಗ ಕಾರಿನದ್ದು ನೋಡಿ. 5 ಲಕ್ಷದವರೆಗೆ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದಕ್ಕಿಂತ ಮೇಲೆ 18. ಇನ್ನೊಂದು ಸಲ ಓದಿ. 15 ಲಕ್ಷದ ಕಾರಿಗಿಂತ ಲಕ್ಷ ದಾಟಿದ ಬೈಕಿಗೆ ರೇಟು ಜಾಸ್ತಿ! ಮೊತ್ತ ಕಾರಿನವರದ್ದೇ ದೊಡ್ಡದು, ಒಪ್ಪುತ್ತೇನೆ. ಆದರೆ ಈಗ ಒಂದು ಸಾಧಾರಣ 125 ಸಿಸಿ ಬೈಕ್ ಲಕ್ಷದ ಆಚೆ ಈಚೆಯೇ ಇರುತ್ತದೆ. ಇದು ಶೋಕಿ ಗಾಡಿ ಅಲ್ಲ. ಏಣಿ, ಬಣ್ಣದ ಡಬ್ಬಿ, ಹಿಂದೆ ಒಬ್ಬ ಹೆಲ್ಪರ್, ಇಷ್ಟು ಹೊತ್ತು ಪರ್ಕಳದ ಏರು ಹತ್ತಬೇಕು.

ಆಮೇಲೆ ನನ್ನ ಬಿಲ್ಲು. ಟೈರು, ಬೇರಿಂಗು, ಶಾಕ್, ಎಲ್ಲದಕ್ಕೂ ಜಿಎಸ್‌ಟಿ. 2025ರ ಸೆಪ್ಟೆಂಬರ್ 21ರವರೆಗೆ ಟೈರಿಗೆ 28 ಇತ್ತು, ಈಗ 18. ರಸ್ತೆ ಕೆಲಸದ ಗುತ್ತಿಗೆಯ ಮೇಲೂ 2022ರ ಜುಲೈಯಿಂದ 12 ಹೋಗಿ 18 ಆಗಿದೆ. ಹೊಂಡ ಇದ್ದರೂ 18, ಹೊಂಡ ಮುಚ್ಚಿದರೂ 18.

ಹಾಗಾದರೆ ರಸ್ತೆ ರಿಪೇರಿಗೆ ದುಡ್ಡು ಎಲ್ಲಿಂದ ತರುವುದು? ನನ್ನ ಅಕ್ಕನ ಮಗ ಸಿವಿಲ್ ಡಿಪ್ಲೊಮಾ ಓದುತ್ತಿದ್ದಾನೆ. ಅವನನ್ನು ಕೇಳಿದೆ. ಅಮೆರಿಕದ ಇಲಿನಾಯ್‌ಯಲ್ಲಿ 1958ರಿಂದ 1960ರ ತನಕ ಒಂದು ಪರೀಕ್ಷೆ ಮಾಡಿದ್ದರಂತೆ. ಪರೀಕ್ಷೆಗೆಂದೇ ರಸ್ತೆ ಕಟ್ಟಿ, ಬೇರೆ ಬೇರೆ ತೂಕದ ಲಾರಿಗಳನ್ನು ಅದರ ಮೇಲೆ ಓಡಿಸಿ ನೋಡಿದರು. ಅದರಿಂದ ಒಂದು ಅಂದಾಜು ಸಿಕ್ಕಿತು. ಆಕ್ಸಲ್ (ಎರಡು ಬದಿಯ ಚಕ್ರ ಸೇರಿಸುವ ದಂಡ) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ನಮ್ಮ ದೇಶದಲ್ಲಿ 2018ರಲ್ಲಿ ನಾಲ್ಕು ಟೈರಿನ ಒಂದು ಆಕ್ಸಲ್‌ಗೆ 10.2 ಟನ್ ಇದ್ದ ಮಿತಿಯನ್ನು 11.5ಕ್ಕೆ ಏರಿಸಿದರು. ಕೇಳಲು ಒಂದೂಕಾಲು ಟನ್. ಹುಡುಗ ಮೊಬೈಲಿನಲ್ಲಿ ಲೆಕ್ಕ ಹಾಕಿ ತೋರಿಸಿದ, ಹಾನಿ ನೂರಕ್ಕೆ 60ರಷ್ಟು ಜಾಸ್ತಿ. ಬೈಕಿನ ಹಿಂದಿನ ಚಕ್ರ ಹೊರುವುದು ನೂರು ಚಿಲ್ಲರೆ ಕಿಲೋ. ಅದನ್ನು ಈ ಲೆಕ್ಕಕ್ಕೆ ಹಾಕಿದರೆ ಪಾಯಿಂಟ್ ಆದ ಮೇಲೆ ಸೊನ್ನೆಯ ಮುಂದೆ ಸೊನ್ನೆ ಬರುತ್ತಾ ಹೋಯಿತು, ಅವನೇ ನಗಾಡಿದ.

ಪಣಂಬೂರು ಬಂದರಿನ ಲಾರಿಗಳು ಹೈವೇಯಲ್ಲಿ ಓಡಲಿ, ಹೈವೇ ಅದಕ್ಕೇ ಇರುವುದು. ನಮ್ಮ ಒಳರಸ್ತೆಗಳ ಕಥೆ ಬೇರೆ. ಬೈಕು, ರಿಕ್ಷಾ, ಶಾಲೆ ಬಸ್ಸಿಗೆ ಅಂತ ತೆಳ್ಳಗೆ ಡಾಮರು ಹಾಕಿದ ರಸ್ತೆಯಲ್ಲಿ ಕೆಂಪುಕಲ್ಲಿನ ಲಾರಿ, ಜಲ್ಲಿ ಟಿಪ್ಪರ್ ತುಂಬಿ ತುಳುಕುತ್ತಾ ಹೋಗುತ್ತವೆ. ಓವರ್‌ಲೋಡ್ ಹಿಡಿದು ತೂಕದ ಲೆಕ್ಕದಲ್ಲಿ ಸರಿಯಾಗಿ ವಸೂಲು ಮಾಡಿದರೆ ಅಲ್ಲೇ ದುಡ್ಡು ಉಂಟು. "ಅದು ಕೊನೆಗೆ ಕುಚ್ಚಲಕ್ಕಿಯ ರೇಟಿಗೆ ಬರುವುದಿಲ್ವಾ ಮಾಮ?" ಅಂತ ಹುಡುಗ ಕೇಳಿದ. ಸ್ವಲ್ಪ ಬರಬಹುದು. ಆದರೆ ಕೆಂಪುಕಲ್ಲು ಜಾಸ್ತಿ ಬೇಕಾಗುವುದು ದೊಡ್ಡ ಮನೆ ಕಟ್ಟುವವರಿಗೆ. ಅವರ ಬಿಲ್ಲಿಗೆ ಬೀಳಲಿ ಬಿಡಿ.

ಭಾರ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲ್ಲಿಮೀಟರ್ ಹತ್ತಿರ ಮಳೆ ಸುರಿಯುವ ಊರು ಇದು. ಚರಂಡಿಯಲ್ಲಿ ಕಸ ಕಟ್ಟಿಕೊಂಡರೆ ನೀರು ರಸ್ತೆಯ ಮೇಲೆ ನಿಲ್ಲುತ್ತದೆ, ಡಾಮರಿನ ಬಿರುಕಿಗೆ ಇಳಿಯುತ್ತದೆ, ಮೇಲೆ ಚಕ್ರ ಹೋದ ಹಾಗೆ ಜಲ್ಲಿ ಎದ್ದು ಬರುತ್ತದೆ. ಹೊಂಡ ಆದ ಮೇಲೆ ತೇಪೆ ಹಾಕುವುದಕ್ಕಿಂತ ಮೇ ತಿಂಗಳಲ್ಲಿ ಚರಂಡಿ ಬಿಡಿಸುವುದು ಎಷ್ಟೋ ಅಗ್ಗ. ನಾಲ್ಕು ಜನ, ಹಾರೆ, ಬುಟ್ಟಿ. ಪರ್ಯಾಯ (ಕೃಷ್ಣ ಮಠದ ಪೂಜೆಯ ಹೊಣೆ ಒಬ್ಬ ಸ್ವಾಮೀಜಿಯಿಂದ ಇನ್ನೊಬ್ಬರಿಗೆ ಹೋಗುವ ಉತ್ಸವ) ಹತ್ತಿರ ಬಂದರೆ ಉಡುಪಿ ಪೇಟೆಗೆ ಎರಡು ವರ್ಷಕ್ಕೊಮ್ಮೆಯಾದರೂ ಡಾಮರು ಬೀಳುತ್ತದೆ ಅಂತ ಜನ ತಮಾಷೆ ಮಾಡುವುದುಂಟು. ನಮ್ಮ ಒಳರಸ್ತೆಗೆ ಯಾವ ಸ್ವಾಮೀಜಿಯ ಮೆರವಣಿಗೆಯೂ ಬರುವುದಿಲ್ಲ.

ಬೈಕು ಬಿಟ್ಟು ಬಸ್ಸಿಗೆ ಹೋಗಲಿ ಅನ್ನುವವರೂ ಇದ್ದಾರೆ. ನನ್ನ ಅಕ್ಕ ಉಡುಪಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಆದರೆ ನಮ್ಮ ಕಡೆ ಲೋಕಲ್ ರೂಟಿನಲ್ಲಿ ಹೆಚ್ಚಿನದು ಪ್ರೈವೇಟ್ ಬಸ್ಸು. ಅವಳು ದಿನಾ ಟಿಕೆಟ್ ತೆಗೆಯುತ್ತಾಳೆ.

ಸೆಸ್ ಅಂದರೆ ನನಗೆ ಆಗುವುದೇ ಇಲ್ಲ ಅಂತಲ್ಲ. ನಮ್ಮಮ್ಮ ಬೀಡಿ ಕಟ್ಟುತ್ತಿದ್ದರು. ಆಗ ಬೀಡಿಯ ಮೇಲೆ ಒಂದು ಕಲ್ಯಾಣ ಸೆಸ್ ಇತ್ತು, 1976ರ ಕಾನೂನು. ಆ ದುಡ್ಡಿನಿಂದ ಬೀಡಿ ಕಾರ್ಮಿಕರಿಗೆ ಆಸ್ಪತ್ರೆ, ಮಕ್ಕಳಿಗೆ ಸ್ಕಾಲರ್‌ಶಿಪ್. ಐಟಿಐಗೆ ಸೇರಿದಾಗ ನನಗೂ ಆ ಸ್ಕಾಲರ್‌ಶಿಪ್ ಬಂದಿತ್ತು, ನನ್ನ ಮೊದಲ ಸ್ಪ್ಯಾನರ್ ಸೆಟ್ ಅದರದ್ದೇ. ಯಾರಿಂದ ತೆಗೆದರು, ಯಾರಿಗೆ ಕೊಟ್ಟರು ಅಂತ ನಮ್ಮ ಮನೆಯಲ್ಲೇ ಕಾಣುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ರದ್ದಾಯಿತು. ರಸ್ತೆಗೂ ಅಂಥದ್ದೊಂದು ಬರಲಿ, ಒಡೆಯುವವನಿಂದ ತೆಗೆದು, ಒಡೆದ ರಸ್ತೆಗೇ ಹಾಕಿ, ಪಂಚಾಯತಿನ ಗೋಡೆಯಲ್ಲಿ ಲೆಕ್ಕ ಬರೆಯಲಿ. ನಾನೂ ಕೊಡುತ್ತೇನೆ.

ಪೈಂಟರ್ ಅಣ್ಣ ಈಗ ಗಾಡಿ ಬದಲಿಸಬೇಕು ಅಂತಿದ್ದಾರೆ. ಎರಡು ಮಾಡೆಲ್ ನೋಡಿ ಬಂದರು, ಒಂದು 98 ಸಾವಿರ, ಇನ್ನೊಂದು 1 ಲಕ್ಷದ 2 ಸಾವಿರ. ಲೈಫ್ ಟ್ಯಾಕ್ಸ್ ಮೊದಲನೆಯದಕ್ಕೆ 11,760, ಎರಡನೆಯದಕ್ಕೆ 18,360. ಗಾಡಿಯ ಬೆಲೆಯಲ್ಲಿ 4 ಸಾವಿರ ವ್ಯತ್ಯಾಸ, ತೆರಿಗೆಯಲ್ಲಿ 6,600. ಕಾಗದದಲ್ಲಿ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. "ಹಾಗಾದ್ರೆ ಸೆಕೆಂಡ್ ಹ್ಯಾಂಡೇ ನೋಡುವ ಮಾರಾಯ, ಟ್ಯಾಕ್ಸ್ ಬೇರೆ ಯಾರೋ ಕಟ್ಟಿರ್ತಾರಲ್ಲ" ಅಂದರು. ಗಾಡಿ ಸಿಕ್ಕಿದರೆ ಅಡ್ವಾನ್ಸ್ ಕೊಡುವ ಮೊದಲು ನನ್ನ ಹತ್ತಿರ ತನ್ನಿ, ಕೋನ್ ಸೆಟ್ ನೋಡಬೇಕು ಅಂತ ಹೇಳಿದ್ದೇನೆ.