ಚಿಕ್ಕಬಳ್ಳಾಪುರದಿಂದ ಬೋರ್ಡಿಂಗ್ ಗೇಟಿನವರೆಗೆ: ನಡುವೆ ಒಂದು ಲಾರ್ಜ್

ಕೆಂಪೇಗೌಡ ವಿಮಾನ ನಿಲ್ದಾಣ ಬೆಂಗಳೂರಿನ ಎಷ್ಟೋ ಬಡಾವಣೆಗಳಿಗಿಂತ ಚಿಕ್ಕಬಳ್ಳಾಪುರಕ್ಕೇ ಹತ್ತಿರ. ಹೆದ್ದಾರಿ 44 ಹಿಡಿದು ನಂದಿ ಕ್ರಾಸ್, ದೇವನಹಳ್ಳಿ ದಾಟಿದರೆ ಸುಮಾರು ಮುಕ್ಕಾಲು ಗಂಟೆಯ ದಾರಿ. ಭಾನುವಾರ ಸಂಜೆ ಮಾತ್ರ ಈ ಲೆಕ್ಕ ನಂಬಬೇಡಿ. ನಂದಿಬೆಟ್ಟದಿಂದಲೂ ಆವಲಗುರ್ಕಿಯ ಆದಿಯೋಗಿಯಿಂದಲೂ ವಾಪಸಾಗುವ ಕಾರುಗಳೆಲ್ಲ ಇದೇ ರಸ್ತೆಗೆ ಬೀಳುತ್ತವೆ. ಬೆಂಗಳೂರು ಬಸ್ಸಿನಲ್ಲಿ ಬರುವವರು ದೇವನಹಳ್ಳಿಯಲ್ಲಿ ಇಳಿದು ಕ್ಯಾಬ್ ಹಿಡಿಯುವುದು ವಾಸಿ.

ಹೊರಡುವ ಹೊತ್ತನ್ನು ಗೇಟ್ ಮುಚ್ಚುವ ಸಮಯದಿಂದ ಹಿಂದಕ್ಕೆ ಎಣಿಸಿ. ರಾತ್ರಿ 7.30ರ ದೇಶೀಯ ವಿಮಾನವಾದರೆ ಗೇಟ್ ಸಾಮಾನ್ಯವಾಗಿ 7.05ಕ್ಕೇ ಮುಚ್ಚುತ್ತದೆ, ಲಗೇಜ್ ಕೌಂಟರ್ 6.30ಕ್ಕೆ. ನಾಲ್ಕಕ್ಕೆ ಊರು ಬಿಟ್ಟರೆ ಆರರ ಹೊತ್ತಿಗೆ ಸೆಕ್ಯುರಿಟಿ ಮುಗಿಸಿ ನೆಮ್ಮದಿಯಾಗಿ ಕೂರಬಹುದು. ಟಿಕೆಟ್‌ನಲ್ಲಿ ಟರ್ಮಿನಲ್ ಯಾವುದೆಂದು ಮನೆಯಲ್ಲೇ ನೋಡಿಕೊಳ್ಳಿ; ಅಂತರರಾಷ್ಟ್ರೀಯ ವಿಮಾನಗಳೆಲ್ಲ 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಿಂದಲೇ ಹೊರಡುತ್ತವೆ.

ವಿಮಾನ ಹತ್ತುವ ಮುಂಚೆ ಬಾರಿನಲ್ಲಿ ಕೂತು ಕುಡಿಯುವುದಿದ್ದರೆ ಸೆಕ್ಯುರಿಟಿ ದಾಟಿದ ಮೇಲೆಯೇ. ಹೊರಗೆ ಗ್ಲಾಸ್ ಹಿಡಿದು ಕೂತರೆ ತಪಾಸಣೆಯ ಸಾಲು ಎಷ್ಟು ಬೆಳೆದಿದೆ ಎಂದು ಗೊತ್ತಾಗುವುದಿಲ್ಲ. ಒಳಗೆ ಬಂದವರು ಮೊದಲು ತಮ್ಮ ಗೇಟ್ ಎಷ್ಟು ದೂರವಿದೆ ಎಂದು ನೋಡಿ, ಆಮೇಲೆ ವಿಮಾನಗಳ ಪರದೆ ಕಾಣುವ ಕುರ್ಚಿ ಹಿಡಿಯಿರಿ. ಬಾರಿನ ಗದ್ದಲದಲ್ಲಿ ಗೇಟಿನ ಕರೆ ಕೇಳಿಸದು. ವಯಸ್ಸಿನ ಪುರಾವೆ ಕೇಳಿದರೆ ಬೇಸರಿಸಬೇಡಿ, ಕರ್ನಾಟಕದಲ್ಲಿ 21 ತುಂಬಿರಬೇಕು. ಗಾಂಧಿ ಜಯಂತಿಯಂದು ಪ್ರಯಾಣವಿದ್ದರೆ ಈ ಆಸೆಯನ್ನೇ ಬಿಟ್ಟುಬಿಡಿ.

ಇನ್ನು ಅಳತೆ. ಸ್ಮಾಲ್ 30 ಮಿ.ಲೀ., ಲಾರ್ಜ್ 60. ಶೇ 42.8ರ ವಿಸ್ಕಿ ಒಂದು ಲಾರ್ಜ್ ಹಾಕಿದರೆ ಸುಮಾರು 20 ಗ್ರಾಂ ಆಲ್ಕೋಹಾಲ್ ಹೊಟ್ಟೆಗೆ ಹೋಗುತ್ತದೆ. ದೇಹ ಅದನ್ನು ಗಂಟೆಗೆ ಏಳರಿಂದ ಹತ್ತು ಗ್ರಾಂನಷ್ಟೇ ಕರಗಿಸೀತು. ಅಂದರೆ ಆ ಒಂದು ಲಾರ್ಜ್ ಇಳಿಯಲು ಎರಡು ಗಂಟೆಯಾದರೂ ಬೇಕು. ಬಿಯರ್ ಹಗುರ ಎಂದು ಮೋಸಹೋಗುವವರು ಬಹಳ. ಶೇ 8ರ ಸ್ಟ್ರಾಂಗ್ ಬಿಯರ್ 650 ಮಿ.ಲೀ. ಬಾಟಲಿ ಪೂರ್ತಿ ಖಾಲಿ ಮಾಡಿದರೆ ಎರಡು ಲಾರ್ಜ್‌ಗೆ ಸಮ. ಅದೂ ಅಲ್ಲದೆ ಪದೇ ಪದೇ ಮೂತ್ರಕ್ಕೆ ಏಳಬೇಕು, ಸೀಟ್‌ಬೆಲ್ಟ್ ದೀಪ ಉರಿಯುತ್ತಿರುವಾಗ ಅದು ಹಿಂಸೆ. ಪಟ್ಟಿಯಲ್ಲಿ ನಂದಿ ತಪ್ಪಲಿನ ದ್ರಾಕ್ಷಿಯ ವೈನ್ ಇದ್ದರೆ 150 ಮಿ.ಲೀ.ನ ಒಂದು ಗ್ಲಾಸ್ ಸಾಕು. ನಮ್ಮ ಸೀಮೆಯ ಬೆಳೆ, ಕೇಳಿ ತರಿಸಿಕೊಳ್ಳಿ.

ಹಾರುವಾಗ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟು. ನಮ್ಮ ನಂದಿಬೆಟ್ಟವೇ 1,478 ಮೀಟರ್. ಕ್ಯಾಬಿನ್‌ನಲ್ಲಿ ಆಮ್ಲಜನಕ ಕಡಿಮೆ, ಗಾಳಿಯೂ ತೀರಾ ಒಣ. ಆದ್ದರಿಂದ ಕೆಳಗೆ ಏನೂ ಅನ್ನಿಸದ ಎರಡನೇ ಲಾರ್ಜ್ ಮೇಲೆ ಹೋದಾಗ ತಲೆನೋವು, ವಾಕರಿಕೆ ತರಬಹುದು. ಖಾಲಿ ಹೊಟ್ಟೆಯಲ್ಲಿ ಮುಟ್ಟಲೇಬೇಡಿ. ಮೊದಲು ಮೊಟ್ಟೆಯೋ ಸ್ಯಾಂಡ್‌ವಿಚ್ಚೋ ತಿನ್ನಿ. ಉಪ್ಪು ಕಡಲೆಕಾಯಿ ನೆಂಚಿಕೊಂಡರೆ ಬಾಯಾರಿಕೆ ಹೆಚ್ಚಿ ಗ್ಲಾಸ್ ಬೇಗ ಬರಿದಾಗುತ್ತದೆ. ಪ್ರತಿ ಪೆಗ್ಗಿಗೆ ಒಂದು ದೊಡ್ಡ ಲೋಟ ನೀರು ಇರಲಿ.

ತಿಂಡಿ ಟೇಬಲ್ಲಿಗೆ ಬಂದಾಗಲೇ ಬಿಲ್ ತರಿಸಿ ಹಣ ಕೊಟ್ಟುಬಿಡಿ. ಬೋರ್ಡಿಂಗ್ ಶುರುವಾದ ಹೊತ್ತಿಗೆ ಎಲ್ಲ ಟೇಬಲ್‌ನವರೂ ಒಟ್ಟಿಗೆ ಬಿಲ್ ಕೇಳುತ್ತಾರೆ, ಕಾರ್ಡ್ ಮೆಷಿನ್‌ಗೆ ಕಾಯಬೇಕಾಗುತ್ತದೆ. 7.30ರ ವಿಮಾನಕ್ಕೆ 6.35ಕ್ಕೆ ಎದ್ದರೆ ಸರಿ. ತೂರಾಡುವವರನ್ನು ವಿಮಾನ ಹತ್ತಿಸದೆ ವಾಪಸು ಕಳಿಸುವ ಅಧಿಕಾರ ವಿಮಾನ ಸಂಸ್ಥೆಗಿದೆ. ದೇಶೀಯ ವಿಮಾನದೊಳಗೆ ಮದ್ಯ ಕೊಡುವುದಿಲ್ಲ, ನಿಮ್ಮದೇ ಬಾಟಲಿ ತೆರೆಯುವಂತೆಯೂ ಇಲ್ಲ. ಊರಿನವರಿಗೆ ಒಯ್ಯುವ ಬಾಟಲಿಯನ್ನು ಸೀಲ್ ಒಡೆಯದೆ ಚೆಕ್-ಇನ್ ಲಗೇಜಿನಲ್ಲಿ, ಬಟ್ಟೆಗಳ ನಡುವೆ ಇಡಿ. ವಿಸ್ಕಿ, ರಮ್ ಥರದ್ದಕ್ಕೆ ಒಬ್ಬರಿಗೆ ಐದು ಲೀಟರ್ ಮಿತಿ.